ಉಜ್ಜಬೇಡಿ, ಮೊದಲು ಓದಿ

ಮಣ್ಣೊಳಗೆ ಎಂಬತ್ತು ವರ್ಷ ಗಟ್ಟಿಯಾಗಿ ಉಳಿದ ಹೆಸರು, ಹೊರಗೆ ಬಂದ ಹತ್ತೇ ನಿಮಿಷದಲ್ಲಿ ಅಳಿಸಿಹೋಗಬಹುದು. ಅಳಿಸುವುದು ಮಳೆಯಲ್ಲ, ತುಕ್ಕಲ್ಲ, ಮೆಟಲ್ ಡಿಟೆಕ್ಟರ್ ಹಿಡಿದು ಮಣ್ಣಲ್ಲಿ ಹೂತ ಲೋಹ ಹುಡುಕುವವರ ಹೆಬ್ಬೆರಳು. ಸಿಕ್ಕ ಖುಷಿಗೆ ಅಲ್ಲೇ ಪ್ಯಾಂಟಿಗೆ ಉಜ್ಜುವುದು, ಮನೆಗೆ ಬಂದು ನಿಂಬೆಹುಳಿಯಲ್ಲಿ ನೆನೆಹಾಕುವುದು, ಟೂತ್‌ಪೇಸ್ಟ್ ಹಚ್ಚಿ ತಿಕ್ಕುವುದು. ನಾಣ್ಯಕ್ಕೆ ಹೀಗೆ ಮಾಡಿದರೆ ಅದರ ಬೆಲೆ ಹೋಗುತ್ತದೆ. ಹೆಸರು ಕೆತ್ತಿದ ಉಂಗುರಕ್ಕೋ ಲಾಕೆಟ್ಟಿಗೋ ಸೈನಿಕರ ಗುರುತಿನ ಬಿಲ್ಲೆಗೋ ಮಾಡಿದರೆ ಅದರ ಮನೆಯವರನ್ನು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಈ ಹವ್ಯಾಸದಲ್ಲಿ ಅಗೆಯುವುದು ಸಣ್ಣ ಕೆಲಸ, ಓದುವುದೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಜಗಳಕ್ಕೆ ಬರಬಹುದು, ಆದರೆ ಪೂರ್ತಿ ಓದಿ ಬನ್ನಿ.

ಮಷಿನ್ ವಿಷಯ ಬೇಗ ಮುಗಿಸುತ್ತೇನೆ. ಡಿಟೆಕ್ಟರ್‌ಗೆ ಚಿನ್ನ ಅಂದರೆ ಏನೆಂದು ಗೊತ್ತಿಲ್ಲ. ವಸ್ತುವಿನ ವಿದ್ಯುತ್ ವಾಹಕತೆ, ಗಾತ್ರ, ಆಕಾರ ಎಲ್ಲ ಸೇರಿಸಿ ಅದೊಂದು ನಂಬರ್ ಕೊಡುತ್ತದೆ. ಚಿನ್ನದ ಉಂಗುರ, ಅಲ್ಯೂಮಿನಿಯಂ ಫಾಯಿಲ್ ಚೂರು, ಪಾನೀಯದ ಕ್ಯಾನಿನ ಎಳೆಕೊಂಡಿ, ಮೂರೂ ಹೆಚ್ಚುಕಮ್ಮಿ ಒಂದೇ ನಂಬರಿನ ಸುತ್ತ ಬಂದು ಕೂರುತ್ತವೆ. ಕಸ ಬೇಡವೆಂದು ಆ ಭಾಗವನ್ನು ಡಿಸ್ಕ್ರಿಮಿನೇಶನ್‌ನಲ್ಲಿ, ಅಂದರೆ ಬೇಡದ ನಂಬರಿಗೆ ಸದ್ದು ಬರದಂತೆ ಮಾಡುವ ಸೆಟ್ಟಿಂಗಿನಲ್ಲಿ, ಮುಚ್ಚಿದವರು ಉಂಗುರವನ್ನೂ ಮುಚ್ಚಿದ ಹಾಗೆಯೇ. ತೆಳು ಸರ ಇನ್ನೂ ಕಷ್ಟ. ಕೊಂಡಿಗಳ ನಡುವೆ ಸಂಪರ್ಕ ಸಡಿಲವಾದ್ದರಿಂದ ಮಷಿನ್ನಿಗೆ ಇಡೀ ಸರ ಕಾಣುವುದಿಲ್ಲ, ಒಂದೊಂದೇ ಪುಟ್ಟ ಕೊಂಡಿ ಕಾಣುತ್ತದೆ. ಸಿಕ್ಕರೆ ಪದಕದಿಂದಲೋ ಕೊಕ್ಕೆಯಿಂದಲೋ ಸಿಗಬೇಕು.

ಯಾರಾದರೂ "ಉಂಗುರ ಬಿದ್ದುಹೋಗಿದೆ, ಹುಡುಕಿಕೊಡಿ" ಎಂದು ಕರೆದರೆ ಮಷಿನ್ ಆನ್ ಮಾಡುವ ಮೊದಲು ಕಾಲು ಗಂಟೆ ಮಾತಾಡಿ. ಯಾವ ಕೈಯಲ್ಲಿತ್ತು, ಆ ಕೈ ಆಗ ಏನು ಮಾಡುತ್ತಿತ್ತು, ಚೆಂಡು ಎಸೆಯುತ್ತಿತ್ತೋ, ಕಳೆ ಕೀಳುತ್ತಿತ್ತೋ? ಆ ದಿನದ ಫೋಟೋ ಇದ್ದರೆ ಕೇಳಿ. ಯಾವ ಹೊತ್ತಿನವರೆಗೆ ಬೆರಳಲ್ಲಿತ್ತು ಎಂಬುದನ್ನು ನೆನಪಿಗಿಂತ ಫೋಟೋ ಸರಿಯಾಗಿ ಹೇಳುತ್ತದೆ. ಜೋಡಿ ಉಂಗುರ ಇದ್ದರೆ ಅದನ್ನು ನೆಲಕ್ಕಿಟ್ಟು ಕಾಯಿಲ್ (ಡಿಟೆಕ್ಟರ್ ಕೋಲಿನ ತುದಿಯ ತಟ್ಟೆ) ಆಡಿಸಿ ನಂಬರ್ ಬರೆದುಕೊಳ್ಳಿ. ಆಮೇಲೆ ದಾರ ಕಟ್ಟಿ ಒಂದೂವರೆ ಮೀಟರ್ ಅಗಲದ ಪಟ್ಟಿಗಳನ್ನು ಮಾಡಿಕೊಂಡು ನಡೆಯಿರಿ. ಕಾಯಿಲ್ ನೆಲದಿಂದ 2–3 ಸೆಂ.ಮೀ. ಮೇಲಿರಲಿ, ಪ್ರತಿ ಬೀಸೂ ಹಿಂದಿನ ಬೀಸಿನ ಅರ್ಧವನ್ನು ಮುಚ್ಚಲಿ. ಮುಗಿದ ಮೇಲೆ ಅದೇ ಜಾಗವನ್ನು ಅಡ್ಡದಿಕ್ಕಿನಲ್ಲಿ ಮತ್ತೊಮ್ಮೆ ನೋಡಿ. ಅಂಚಿನ ಮೇಲೆ ನಿಂತ ಉಂಗುರದ ಸದ್ದು ಮಲಗಿದ ಉಂಗುರದ ಸದ್ದಿಗಿಂತ ಕ್ಷೀಣ, ಒಂದು ದಿಕ್ಕಿನಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗುವುದುಂಟು.

ಹಳೆಯ ವಸ್ತು ಸಿಕ್ಕಾಗ ಕಥೆ ಬೇರೆ. ಸಿಗ್ನಲ್ ಬಂದ ಜಾಗದ ನಟ್ಟನಡುವೆ ಸಲಿಕೆ ಇಳಿಸಬೇಡಿ. ಉಂಗುರದ ಒಳಬರಹವನ್ನು ಸೀಳಿದ ಹೊಸ ಗೀರು ಎಲ್ಲಕ್ಕಿಂತ ಬೇಸರದ ದೃಶ್ಯ. ಸುತ್ತ ಅಗಲ ಬಿಟ್ಟು ಮೂರು ಕಡೆ ಕತ್ತರಿಸಿ, ಹುಲ್ಲಿನ ಹೆಂಟೆಯನ್ನು ಬಾಗಿಲಿನ ಹಾಗೆ ಮಗುಚಿ, ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್) ಆಡಿಸಿ, ಬೆರಳಲ್ಲಿ ತೆಗೆಯಿರಿ. ತೆಗೆದದ್ದನ್ನು ಮಣ್ಣಿನ ಸಮೇತ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಜಾಗ, ಆಳ, ಹತ್ತಿರದಲ್ಲಿ ಸಿಕ್ಕ ಇತರ ವಸ್ತುಗಳು, ಇಷ್ಟನ್ನು ಚೀಟಿಯಲ್ಲಿ ಬರೆದು ಚೀಲದೊಳಗೆ ಹಾಕಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ. ಆಳ ನೋಡಿ ಕಾಲ ಹೇಳಲು ಮಾತ್ರ ಹೋಗಬೇಡಿ. ನೇಗಿಲು, ಎರೆಹುಳ, ತುಂಬಿಸಿದ ಮಣ್ಣು ಎಲ್ಲವೂ ಆಳವನ್ನು ಬದಲಿಸುತ್ತವೆ. ಇನ್ನು ನೆಲದ ಮಾಲಿಕರ ಅನುಮತಿ ಇಲ್ಲದೆ ಅಗೆದ ವಸ್ತುವಿಗೆ ಎಷ್ಟೇ ಸಂಶೋಧನೆ ಮಾಡಿದರೂ ಅದು ಕದ್ದ ಮಾಲೇ.

ಈಗ ತೊಳೆಯುವ ವಿಷಯ. ಇಲ್ಲೇ ಹೆಚ್ಚಿನವರು ಎಡವುವುದು. ಎಲ್ಲ ಲೋಹಕ್ಕೂ ಒಂದೇ ಮದ್ದು ಅಂತಿಲ್ಲ. ಹೆಚ್ಚು ಕ್ಯಾರೆಟ್ಟಿನ ಚಿನ್ನಕ್ಕೆ ಉಗುರುಬೆಚ್ಚಗಿನ ನೀರು, ಒಂದು ಹನಿ ಮೃದು ಸೋಪು, ಮೆತ್ತನೆ ಬ್ರಷ್ ಸಾಕು. 9 ಕ್ಯಾರೆಟ್ಟಿನದರಲ್ಲಿ ಚಿನ್ನ ಶೇ 37.5 ಮಾತ್ರ, ಮಿಕ್ಕ ಲೋಹ ಕಲೆಗಟ್ಟಿರುತ್ತದೆ, ಅದನ್ನು ಕೆರೆಯಬೇಡಿ. ಬೆಳ್ಳಿ ಕಪ್ಪಾಗಿದ್ದರೆ ಸಂತೋಷಪಡಿ. ಗಂಧಕ ಸೇರಿ ಕಟ್ಟಿದ ಆ ಕಪ್ಪು ಕೆತ್ತನೆಯ ಗೀರುಗಳಲ್ಲಿ ಕೂತಿರುವುದರಿಂದಲೇ ಅಕ್ಷರ ಕಾಣುತ್ತದೆ. ಅದನ್ನೂ ತೆಗೆದು ಬಿಳಿ ಮಾಡಿದರೆ ಬಿಳಿಯ ಮೇಲೆ ಬಿಳಿ ಬರಹ, ಓದಿಕೊಳ್ಳಿ ನೋಡೋಣ! ಸತುವಿನ ಬಿಲ್ಲೆಯನ್ನು ವಿನೆಗರ್ ತಿಂದುಹಾಕುತ್ತದೆ, ಅಲ್ಯೂಮಿನಿಯಂ ಬಿಲ್ಲೆಯನ್ನು ವಾಷಿಂಗ್ ಸೋಡಾ. ಚಿನ್ನದ ಲೇಪದ ಹಿತ್ತಾಳೆಗೆ ಹುಳಿ ಸೋಕಿಸಿದರೆ ಕಿಲುಬಿನ ಜೊತೆ ಲೇಪವೂ ಎದ್ದು ಬರುತ್ತದೆ. ಮುತ್ತು, ಓಪಲ್, ಟರ್ಕಾಯ್ಸ್ ಇದ್ದರೆ ಹುಳಿಯೂ ಬೇಡ, ಬಿಸಿನೀರೂ ಬೇಡ. ಹಳೆಯ ಒಡವೆಗಳಲ್ಲಿ ಕಲ್ಲಿನ ಹಿಂಭಾಗ ಮುಚ್ಚಿದ್ದರೆ ಒಳಗೆ ಹೊಳಪಿನ ತಗಡು ಇಟ್ಟಿರುವ ಸಾಧ್ಯತೆ ಉಂಟು. ನೀರಲ್ಲಿ ಮುಳುಗಿಸಿದರೆ ಕಲ್ಲು ಶಾಶ್ವತವಾಗಿ ಮಂಕಾಗುತ್ತದೆ.

ಲಾಕೆಟ್ ಸಿಕ್ಕರೆ ಚಾಕುವಿನ ತುದಿ ಹಾಕಿ ಮೀಟಬೇಡಿ. ಒಳಗೆ ಫೋಟೋ ಇರಬಹುದು, ಹೆಣೆದ ಕೂದಲಿರಬಹುದು. ಒದ್ದೆ ಫೋಟೋ ಒಣಗುತ್ತಾ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಬಲು ಕಷ್ಟ. ಸಿಕ್ಕಾಗ ಹೇಗೆ ತೇವವಾಗಿತ್ತೋ ಹಾಗೇ ಚೀಲದಲ್ಲಿ ಮುಚ್ಚಿ, ಫ್ರಿಜ್ಜಿನ ತಂಪಿನಲ್ಲಿಟ್ಟು, ವಸ್ತುಸಂಗ್ರಹಾಲಯದ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಓದಲು ಬೇಕಾದದ್ದು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ), ಕತ್ತಲೆ ಕೋಣೆ, ಒಂದು ಟಾರ್ಚ್. ಬೆಳಕನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ವಸ್ತುವಿನ ಮೈಗೆ ಸವರಿದ ಹಾಗೆ ಬಿಡಿ. ಸವೆದ ಗೀರಿನ ಒಂದು ಅಂಚು ಹೊಳೆಯುತ್ತದೆ, ಇನ್ನೊಂದು ನೆರಳಾಗುತ್ತದೆ. ಗೀರು ಬೆಳಕಿನ ದಿಕ್ಕಿಗೆ ಸಮಾನಾಂತರವಾಗಿದ್ದರೆ ಮಾತ್ರ ಕಾಣುವುದಿಲ್ಲ, ಆದ್ದರಿಂದ ಟಾರ್ಚನ್ನು ಸುತ್ತ ಎಂಟು ಕಡೆ ಸರಿಸಿ ಎಂಟು ಫೋಟೋ ತೆಗೆಯಿರಿ, ಕ್ಯಾಮೆರಾ ಕದಲದಿರಲಿ. 3 ಮತ್ತು 8, 1 ಮತ್ತು 7, ಇಂಗ್ಲಿಷಿನ ಸಿ ಮತ್ತು ಜಿ ಇಲ್ಲೇ ಬೇರೆಯಾಗುವುದು. ಒಂದೇ ಫೋಟೋ ನೋಡಿ ತೀರ್ಮಾನಿಸಿದ ಓದನ್ನು ನಂಬಬೇಡಿ. ಕೆತ್ತನೆಗೆ ಸುಣ್ಣದ ಪುಡಿ, ಹಿಟ್ಟು ತುಂಬುವ ಚಾಳಿಯೂ ಬೇಡ, ಅದು ಸಂದಿಯಲ್ಲಿ ಉಳಿದು ತೇವ ಹಿಡಿಯುತ್ತದೆ.

ಹೆಸರಿಗಿಂತ ಮೊದಲು ಮುದ್ರೆ ನೋಡಿ. ಬ್ರಿಟನ್ನಿನ ಹಾಲ್‌ಮಾರ್ಕ್ ಈ ವಿಷಯದಲ್ಲಿ ದೊಡ್ಡ ಉಪಕಾರಿ, ಲೋಹ ಪರೀಕ್ಷಿಸಿ ಮುದ್ರೆ ಒತ್ತಿದ ಊರನ್ನು ಅದು ತೋರಿಸುತ್ತದೆ: ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಲಂಡನ್, ಕೋಟೆ ಎಡಿನ್‌ಬರೋ. ಪಕ್ಕದ ಒಂದಕ್ಷರ ವರ್ಷವನ್ನು ಹೇಳುತ್ತದೆ. ಮುದ್ರೆ ಒತ್ತುವ ಚೆಸ್ಟರ್ ಕಚೇರಿ 1962ರಲ್ಲಿ, ಗ್ಲಾಸ್ಗೋ 1964ರಲ್ಲಿ ಮುಚ್ಚಿದವು, ಆ ಮುದ್ರೆಯ ಉಂಗುರ ಅದಕ್ಕೂ ಮುಂಚಿನದೇ. 15 ಕ್ಯಾರೆಟ್ ಎಂದಿದ್ದರೆ ಅದು 1854 ಮತ್ತು 1932ರ ನಡುವಿನದು, ಆಮೇಲೆ ಆ ದರ್ಜೆಯನ್ನೇ ಕೈಬಿಟ್ಟರು. ಆದರೆ ಮುದ್ರೆ ಹೇಳುವುದು ಉಂಗುರ ಹುಟ್ಟಿದ ವರ್ಷವನ್ನು, ಅದು ಕಳೆದುಹೋದ ವರ್ಷವನ್ನಲ್ಲ. ಅಜ್ಜಿಯ ಉಂಗುರವನ್ನು ಮೊಮ್ಮಗಳು ಕಳೆದಿರಬಹುದು.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬರ್ಮಿಂಗ್‌ಹ್ಯಾಮ್ ಮುದ್ರೆಯ ಮದುವೆಯುಂಗುರ, ಒಳಗೆ "ಇ.ಎಂ. – ಜೆ.ಟಿ. 12.6.37". ಮೊದಲ ಪ್ರಶ್ನೆ: 12 ಜೂನೋ, 6 ಡಿಸೆಂಬರೋ? ಬ್ರಿಟಿಷರು ದಿನವನ್ನು ಮೊದಲು ಬರೆಯುತ್ತಾರೆ, ಅಮೆರಿಕದವರು ತಿಂಗಳನ್ನು. ವಾರ ನೋಡಿ. 1937ರ ಜೂನ್ 12 ಶನಿವಾರ, ಡಿಸೆಂಬರ್ 6 ಸೋಮವಾರ. ಮದುವೆಗಳು ಶನಿವಾರವೇ ಹೆಚ್ಚು, ಹಾಗಾಗಿ ಜೂನ್ ಕಡೆ ತಕ್ಕಡಿ ವಾಲುತ್ತದೆ. ಇದು ಸಾಕ್ಷಿಯಲ್ಲ, ಸುಳಿವು ಅಷ್ಟೆ. 37 ಎಂದರೆ 1837 ಅಲ್ಲವೇ ಎಂಬ ಅನುಮಾನವನ್ನು ಹಾಲ್‌ಮಾರ್ಕಿನ ವರ್ಷಾಕ್ಷರ ಬಗೆಹರಿಸುತ್ತದೆ. ಇಂಗ್ಲೆಂಡ್–ವೇಲ್ಸಿನ ಮದುವೆ ಸೂಚಿ, ಅಂದರೆ ನೋಂದಣಿಯಾದ ಮದುವೆಗಳ ಹೆಸರುಪಟ್ಟಿ, ಮೂರು ಮೂರು ತಿಂಗಳಿಗೆ ಒಂದು. ಏಪ್ರಿಲ್‌ನಿಂದ ಜೂನ್‌ವರೆಗಿನದು ಜೂನ್ ತ್ರೈಮಾಸಿಕ. 1912ರಿಂದ ಈಚೆಗೆ ಅದರಲ್ಲಿ ಸಂಗಾತಿಯ ಸರ್‌ನೇಮೂ ಇದೆ. ಉಂಗುರ ಸಿಕ್ಕ ಜಿಲ್ಲೆಯಿಂದ ಶುರುಮಾಡಿ, ಎಂ ಮತ್ತು ಟಿ ಸರ್‌ನೇಮಿನ ಜೋಡಿಗಳನ್ನು ಪಟ್ಟಿ ಮಾಡಿ, ಹೆಸರಿನ ಮೊದಲಕ್ಷರ ತಾಳೆಯಾಗುವವರನ್ನು ಉಳಿಸಿಕೊಳ್ಳಿ. ಹತ್ತು ಜೋಡಿ ಉಳಿದರೆ ಊರಿನ ಹಳೆ ಪತ್ರಿಕೆಯ ಮದುವೆ ಸುದ್ದಿಯಲ್ಲಿ ಸರಿಯಾದ ತಾರೀಕು ಹುಡುಕಬೇಕು, ಏಕೆಂದರೆ ಸೂಚಿಯಲ್ಲಿ ದಿನ ಇರುವುದಿಲ್ಲ. ಮುಂದಿನ ಹೆಜ್ಜೆ 1939ರ ಸೆಪ್ಟೆಂಬರ್ 29ರ ರಿಜಿಸ್ಟರ್, ಅಂದರೆ ಅಲ್ಲಿನ ಜನರನ್ನು ಮನೆಮನೆಯಾಗಿ ಬರೆದುಕೊಂಡ ಪಟ್ಟಿ. ಮನೆ, ಕಸುಬು, ಹುಟ್ಟಿದ ದಿನ ಮೂರೂ ಅಲ್ಲಿ ಸಿಗುತ್ತವೆ. ಅಲ್ಲಿನ 1931ರ ಜನಗಣತಿಯ ದಾಖಲೆ 1942ರ ಬೆಂಕಿಯಲ್ಲಿ ಹೋಯಿತು, 1941ರದು ನಡೆಯಲೇ ಇಲ್ಲ, ಹಾಗಾಗಿ ಆ ಕಾಲಕ್ಕೆ ಇದೊಂದೇ ಕೈದೀಪ. ಜನನ ಸೂಚಿಯಲ್ಲಿ 1911ರಿಂದ ತಾಯಿಯ ತವರಿನ ಸರ್‌ನೇಮ್ ಇರುವುದರಿಂದ ಮಕ್ಕಳವರೆಗೂ ಇಳಿಯಬಹುದು.

ಮೂರಕ್ಷರದ ಮೋನೋಗ್ರಾಮಿನಲ್ಲಿ (ಹೆಸರಿನ ಮೊದಲಕ್ಷರಗಳ ಕೆತ್ತನೆಯಲ್ಲಿ) ನಡುವಿನದು ದೊಡ್ಡದಾಗಿದ್ದರೆ ಸಾಮಾನ್ಯವಾಗಿ ಅದೇ ಸರ್‌ನೇಮು. ಮೂರೂ ಒಂದೇ ಗಾತ್ರ ಇದ್ದರೆ ಕೊನೆಯದು. ಈ ಸಣ್ಣ ವ್ಯತ್ಯಾಸ ಗೊತ್ತಿಲ್ಲದೆ ತಪ್ಪು ಮನೆತನದ ಹಿಂದೆ ತಿಂಗಳುಗಟ್ಟಲೆ ಅಲೆದವರಿದ್ದಾರೆ. ಅಮೆರಿಕದ ಶಾಲಾ ಉಂಗುರಗಳು ಇವುಗಳಿಗಿಂತ ಸಲೀಸು: ಹೊರಗೆ ಶಾಲೆಯ ಹೆಸರು ಮತ್ತು ವರ್ಷ, ಒಳಗೆ ಮೊದಲಕ್ಷರಗಳು. ಆ ವರ್ಷದ ಇಯರ್‌ಬುಕ್, ಅಂದರೆ ವಿದ್ಯಾರ್ಥಿಗಳ ಹೆಸರು–ಫೋಟೋ ಇರುವ ಶಾಲೆಯ ವಾರ್ಷಿಕ ಪುಸ್ತಕ, ತೆರೆದರೆ ಬಹಳ ಸಲ ಒಂದೇ ಸಂಜೆಯ ಕೆಲಸ. ಇಂಗ್ಲಿಷ್ ಶೋಕದ ಉಂಗುರ, ಅಂದರೆ ಕಪ್ಪು ಎನಾಮಲ್ಲಿನದು ಸಿಕ್ಕರೆ "ಓಬ್" ಮತ್ತು "ಏಟ್" ಎಂಬ ಲ್ಯಾಟಿನ್ ಸಂಕ್ಷೇಪ ಹುಡುಕಿ. ಮೊದಲಿನದರ ಮುಂದೆ ಸತ್ತ ದಿನ, ಎರಡನೆಯದರ ಮುಂದೆ ವಯಸ್ಸು. ಆದರೆ ಆ ಹೆಸರು ಉಂಗುರ ತೊಟ್ಟವರದ್ದಲ್ಲ, ತೀರಿಕೊಂಡವರದ್ದು. ಬಹಳ ಹಳೆಯದು ಸಿಕ್ಕಾಗ ಕಾನೂನೂ ಬರುತ್ತದೆ. ಇಂಗ್ಲೆಂಡಿನಲ್ಲಿ 300 ವರ್ಷ ದಾಟಿದ ಚಿನ್ನ–ಬೆಳ್ಳಿಯ ಒಡವೆಯನ್ನು 14 ದಿನದೊಳಗೆ ವರದಿ ಮಾಡಲೇಬೇಕು.

ಸೈನಿಕರ ಬಿಲ್ಲೆಗಳ ಬಗ್ಗೆ ಒಂದು ಎಚ್ಚರಿಕೆ ಮೊದಲು. ಬಿಲ್ಲೆಯ ಜೊತೆ ಮೂಳೆ ಕಂಡರೆ ಅಗೆತ ಅಲ್ಲಿಗೇ ನಿಲ್ಲಿಸಿ, ಏನನ್ನೂ ಎತ್ತದೆ ಪೊಲೀಸರಿಗೆ ತಿಳಿಸಿ. ಬಿಲ್ಲೆ ಇದ್ದ ಜಾಗದಲ್ಲೇ ಇದ್ದರೆ ಆ ಮೂಳೆಗೆ ಹೆಸರು ಸಿಗುತ್ತದೆ. ಜೇಬಿಗೆ ಹಾಕಿಕೊಂಡು ಬಂದರೆ ಒಬ್ಬ ಸೈನಿಕ ಎರಡನೇ ಸಲ ಕಾಣೆಯಾದ ಹಾಗೆ. ಎರಡನೇ ಮಹಾಯುದ್ಧದ ಜರ್ಮನ್ ಬಿಲ್ಲೆ ಅಂಡಾಕಾರದ್ದು, ನಡುವೆ ಮುರಿಯಲು ಸೀಳುಗಳು. ಅದರಲ್ಲಿ ಸಾಮಾನ್ಯವಾಗಿ ಹೆಸರಿಲ್ಲ, ತುಕಡಿ ಮತ್ತು ಕ್ರಮಸಂಖ್ಯೆ ಇರುತ್ತವೆ, ಹೆಸರಿಗೆ ಜರ್ಮನಿಯ ಸರ್ಕಾರಿ ದಾಖಲೆ ಸಂಗ್ರಹವಾದ ಬುಂಡೆಸ್‌ಆರ್ಕೀವ್‌ಗೇ ಹೋಗಬೇಕು. ಅಮೆರಿಕದ ಬಿಲ್ಲೆ ಅದಕ್ಕಿಂತ ಮಾತುಗಾರ. 1943ರ ಮಧ್ಯದವರೆಗಿನವುಗಳಲ್ಲಿ ಮನೆಯವರ ಹೆಸರು–ವಿಳಾಸವೂ ಉಂಟು, ಟಿ ಅಕ್ಷರದ ಮುಂದಿನ ಅಂಕಿ ಟೆಟನಸ್ ಚುಚ್ಚುಮದ್ದಿನ ವರ್ಷ. ಬ್ರಿಟಿಷರು 1916ರಿಂದ ಕೊಟ್ಟ ಹಸಿರು–ಕೆಂಪು ಬಿಲ್ಲೆಗಳು ನಾರಿನವು, ಮಣ್ಣಲ್ಲಿ ಉಳಿಯುವುದು ಅಪರೂಪ. ಡಿಟೆಕ್ಟರಿಗೆ ಸಿಗುವುದು ಸೈನಿಕರೇ ದುಡ್ಡು ಕೊಟ್ಟು ಮಾಡಿಸಿಕೊಂಡ ಲೋಹದ ಕಡಗಗಳು. ಮೊದಲ ಯುದ್ಧದ ಬ್ರಿಟಿಷ್ ಪದಕದ ಅಂಚಿನಲ್ಲಿ ಹೆಸರು, ಸಂಖ್ಯೆ, ರೆಜಿಮೆಂಟ್ ಇರುತ್ತದೆ. ಎರಡನೆಯದರ ಪದಕಗಳನ್ನು ಬ್ರಿಟನ್ ಹೆಸರಿಲ್ಲದೆ ಹಂಚಿತು, ಅಲ್ಲಿ ಅಂಚು ನೋಡಿ ಕಣ್ಣು ನೋಯಿಸಿಕೊಳ್ಳಬೇಡಿ.

ಹೆಸರು ಸಿಕ್ಕರೂ ಕಡತ ಸಿಗದಿರಬಹುದು. ಮೊದಲ ಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲಿ ಹೆಚ್ಚಿನವು 1940ರ ಬಾಂಬ್ ದಾಳಿಯಲ್ಲಿ ಸುಟ್ಟವು. ಅಮೆರಿಕದ ಸೇಂಟ್ ಲೂಯಿಸ್ ದಾಖಲೆ ಕೇಂದ್ರದ 1973ರ ಜುಲೈ ಬೆಂಕಿಗೆ 1.6ರಿಂದ 1.8 ಕೋಟಿ ಕಡತ ಹೋದವು. "ಅಂಥ ಸೈನಿಕ ಇರಲೇ ಇಲ್ಲ" ಎಂಬ ತೀರ್ಮಾನಕ್ಕೆ ಬರುವ ಮುನ್ನ ಇದು ನೆನಪಿರಲಿ. ಪದಕ ಸೂಚಿ, ಸಮಾಧಿ ಪಟ್ಟಿ, ಊರಿನ ಪತ್ರಿಕೆ ಬೇರೆ ಬಾಗಿಲುಗಳು.

ಕೊನೆಗೆ ಹಿಂತಿರುಗಿಸುವುದು. ಸಿಕ್ಕ ವಸ್ತುವಿನ ಫೋಟೋವನ್ನು ಜಾಲತಾಣದಲ್ಲಿ ಹಾಕುವಾಗ ಒಳಬರಹ ತೋರಿಸಬೇಡಿ. "ಚಿನ್ನದ ಉಂಗುರ, ಒಳಗೆ ಬರಹವಿದೆ" ಅಷ್ಟು ಸಾಕು. ಏನು ಬರೆದಿದೆ ಎಂದು ಹೇಳುವ ಕೆಲಸ ಕೇಳಿಕೊಂಡು ಬಂದವರದ್ದು. ಎಲ್ಲವನ್ನೂ ಹಾಕಿಬಿಟ್ಟರೆ ಸಂಜೆಯೊಳಗೆ ನಾಲ್ಕು ಜನ ಮೊಮ್ಮಕ್ಕಳು ಹುಟ್ಟಿಕೊಳ್ಳುತ್ತಾರೆ. ಮನೆಯವರ ವಿಳಾಸ, ಫೋನ್ ನಂಬರ್ ಸಿಕ್ಕರೆ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನೇರ ಫೋನ್ ಮಾಡಿ "ನಿಮ್ಮ ಅಜ್ಜನ ಚಿನ್ನ ಸಿಕ್ಕಿದೆ" ಅಂದರೆ ಯಾರಾದರೂ ವಂಚನೆ ಎಂದೇ ಭಾವಿಸುತ್ತಾರೆ. ಶಾಲೆಯ ಹಳೆ ವಿದ್ಯಾರ್ಥಿ ಸಂಘವೋ ಊರಿನ ಇತಿಹಾಸ ಸಂಘವೋ ನಡುವೆ ನಿಂತು ಪತ್ರ ಬರೆದರೆ ನಂಬಿಕೆ ಬರುತ್ತದೆ. ಅಂಚೆ ಖರ್ಚು ಕೇಳಬೇಡಿ, ಒಂದು ಪೈಸೆ ಕೇಳಿದರೂ ಅನುಮಾನ ಗಟ್ಟಿಯಾಗುತ್ತದೆ. ಬೇಡ ಎನ್ನುವವರೂ ಇರುತ್ತಾರೆ. ಮದುವೆ ಮುರಿದ ದಿನ ಬೇಕೆಂದೇ ಎಸೆದ ಉಂಗುರಗಳೂ ಮಣ್ಣಿನಲ್ಲಿವೆ. ಒಂದು ಪತ್ರಕ್ಕೆ ಉತ್ತರ ಬರಲಿಲ್ಲವೆಂದರೆ ಅದೇ ಉತ್ತರ ಎಂದು ಸುಮ್ಮನಾಗಿ.

ಬೇಕು ಎಂದವರಿಗೆ ಕೊಡುವಾಗ ಜೊತೆಗೊಂದು ಹಾಳೆ ಇಡಿ: ಸಿಕ್ಕ ದಿನ, ಜಾಗ, ಆಳ, ಬರಹವನ್ನು ನೀವು ಓದಿದ ರೀತಿ, ಅನುಮಾನವಿರುವ ಅಕ್ಷರದ ಕೆಳಗೆ ಒಂದು ಗೆರೆ. ಹೊಳಪು ಕೊಡಿಸಬೇಡಿ, ಕಪ್ಪಿದ್ದರೆ ಕಪ್ಪೇ ಇರಲಿ. ಉಜ್ಜುವುದೋ ಬಿಡುವುದೋ ಆ ಮನೆಯವರು ನೋಡಿಕೊಳ್ಳುತ್ತಾರೆ.