ಲೀಸ್‌ನಲ್ಲಿ ಇವಿ ತಗೊಳ್ಳುವ ಮುಂಚೆ ಆರ್‌ಸಿ ಯಾರ ಹೆಸರಲ್ಲಿರುತ್ತದೆ ಕೇಳಿ

ಬೆಂಗಳೂರಿನ ಆಫೀಸುಗಳಲ್ಲಿ ಈಗ ಕಂಪನಿ ಲೀಸ್ ಮೇಲೆ, ಅಂದರೆ ಕಂಪನಿ ಮೂಲಕ ಬಾಡಿಗೆಗೆ ಪಡೆದು ಬಾಡಿಗೆಯನ್ನು ಸಂಬಳದಲ್ಲಿ ಹಿಡಿಸಿಕೊಂಡು, ಎಲೆಕ್ಟ್ರಿಕ್ ಎಸ್‌ಯುವಿ ತಗೊಳ್ಳುವ ಮಾತು ಜಾಸ್ತಿ ಆಗಿದೆ. ಕ್ರೆಟಾ ಎಲೆಕ್ಟ್ರಿಕ್, ಕರ್ವ್, ಹ್ಯಾರಿಯರ್ ಇವಿ, ಮಹೀಂದ್ರಾದ ಬಿಇ 6, ಎಕ್ಸ್‌ಇವಿ 9ಇ. ಎಲ್ಲರೂ ಹೋಲಿಸುವುದು ಸ್ಕ್ರೀನು, ಸನ್‌ರೂಫು, ಪಿಕಪ್ಪು. ನಾನು ಮೊದಲು ಕೇಳುವುದು ಬ್ಯಾಟರಿ ವಾರಂಟಿ ಯಾರಿಗೆ ಅಂತ.

ಲೀಸ್ ಕಾರು ರಿಜಿಸ್ಟರ್ ಆಗುವುದು ಸಾಮಾನ್ಯವಾಗಿ ಲೀಸಿಂಗ್ ಕಂಪನಿ ಹೆಸರಲ್ಲಿ. ಮೂರು ನಾಲ್ಕು ವರ್ಷ ಬಾಡಿಗೆ ಕಟ್ಟಿ, ಕೊನೆಗೆ ಉಳಿದ ಬೆಲೆ ಕೊಟ್ಟು ನಮ್ಮ ಹೆಸರಿಗೆ ಮಾಡಿಸಿಕೊಂಡರೆ ಕಾಗದದ ಪ್ರಕಾರ ನಾವು ಎರಡನೇ ಓನರ್. ಪೆಟ್ರೋಲ್ ಕಾರಾದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇವಿಯಲ್ಲಿ ಹಾಗಲ್ಲ. ಮಹೀಂದ್ರಾದ ಲೈಫ್‌ಟೈಮ್ ಬ್ಯಾಟರಿ ವಾರಂಟಿ ಮೊದಲ ಖಾಸಗಿ ಓನರ್‌ಗೆ ಮಾತ್ರ. ಕೈ ಬದಲಾದರೆ 10 ವರ್ಷ ಅಥವಾ 2 ಲಕ್ಷ ಕಿಲೋಮೀಟರ್. ಹ್ಯಾರಿಯರ್ ಇವಿಗೆ ಟಾಟಾ ಕೊಡುವ 15 ವರ್ಷದ ವಾರಂಟಿಯೂ ಮೊದಲ ಖಾಸಗಿ ಓನರ್‌ಗೇ. ಇವಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು, ಅಲ್ವಾ? ಲೀಸ್ ಕಾರಿಗೆ ಎಷ್ಟು ವರ್ಷ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಶೋರೂಮಿನಲ್ಲಿ ಬಾಯಿ ಮಾತಲ್ಲಿ ಹೇಳಿದ್ದು ಸಾಲದು.

ಹಾಗಂತ ಲೀಸ್ ಬೇಡ ಅನ್ನುತ್ತಿಲ್ಲ. ಲೀಸ್ ಬಾಡಿಗೆಗೆ ಬೀಳುವ ಜಿಎಸ್‌ಟಿ ಕಾರಿನ ಜಿಎಸ್‌ಟಿಯಷ್ಟೇ. ಇವಿಗೆ ಶೇ. 5. ದೊಡ್ಡ ಪೆಟ್ರೋಲ್, ಡೀಸೆಲ್ ಎಸ್‌ಯುವಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40. ಇವಿ ಸಾಲದ ಬಡ್ಡಿಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿ 2023ರ ಮಾರ್ಚ್ 31ರ ನಂತರ ಮಂಜೂರಾದ ಸಾಲಕ್ಕೆ ಇಲ್ಲ. ಆದ್ದರಿಂದ ಸಂಬಳದವರಿಗೆ ಲೀಸ್ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಚೆನ್ನಾಗಿ ಕಾಣುತ್ತದೆ ಅಂತಲೇ 18 ಲಕ್ಷದ ಕಾರು ನೋಡಲು ಹೋದವರು 28 ಲಕ್ಷದ್ದಕ್ಕೆ ಸಹಿ ಹಾಕಿ ಬರುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಇನ್ನು ಕಾರುಗಳ ಮಾತು. ಅಮ್ಮನನ್ನು ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿದೆ. ಬಿಇ 6ರಲ್ಲಿ ಹಿಂದಿನ ಬಾಗಿಲಿನ ಹಿಡಿ ಮೇಲೆ, ಕಿಟಕಿ ಪಕ್ಕದ ಕಂಬದಲ್ಲಿದೆ. ಅಮ್ಮ ಬಾಗಿಲ ಮೇಲೆಲ್ಲ ಕೈಯಾಡಿಸಿ ಹುಡುಕಿದರು. ಒಳಗೆ ಕೂತ ಮೇಲೆ, "ಕಿಟಕಿ ಇಷ್ಟೇನಾ? ಹೊರಗೆ ಏನೂ ಕಾಣಲ್ಲ ಕಣೋ" ಅಂದರು. ಕರ್ವ್‌ನಲ್ಲಿ ಚಾವಣಿ ಹಿಂದೆ ಇಳಿಜಾರು, ಎತ್ತರದವರಿಗೆ ತಲೆ ತಾಗುತ್ತದೆ. ಹ್ಯಾರಿಯರ್‌ನಲ್ಲಿ ಜಾಗ ಬೇಕಾದಷ್ಟಿದೆ, ಆದರೆ ಹತ್ತಿ ಇಳಿಯುವುದು ಮಂಡಿ ನೋವಿನವರಿಗೆ ಕಷ್ಟ. ಕ್ರೆಟಾದಲ್ಲಿ ಅಮ್ಮ ಯಾರ ಕೈಯೂ ಹಿಡಿಯದೆ ಕೂತರು.

ಚಾರ್ಜಿಂಗ್ ಪೋರ್ಟ್ ಎಲ್ಲಿದೆ ಅಂತಲೂ ನೋಡಿ. ಕ್ರೆಟಾದ್ದು ಮೂತಿಯಲ್ಲಿದೆ. ಬೇಸ್‌ಮೆಂಟ್‌ನಲ್ಲಿ ಗೋಡೆಗೆ ಸಾಕೆಟ್ ಇದ್ದರೆ ನೇರ ನುಗ್ಗಿಸಿ ನಿಲ್ಲಿಸಿದರೆ ಆಯಿತು. ಮಹೀಂದ್ರಾದ್ದು ಹಿಂಭಾಗದಲ್ಲಿ, ರಿವರ್ಸ್ ಹಾಕಬೇಕು. ಕಿರಿದಾದ ಪಾರ್ಕಿಂಗ್‌ನಲ್ಲಿ ಇದು ದಿನಾ ರಾತ್ರಿಯ ಕೆಲಸ.

ರೇಂಜ್, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರದ ವಿಷಯದಲ್ಲಿ ಬ್ರೋಷರಿನ ದೊಡ್ಡ ಸಂಖ್ಯೆ ಬಿಡಿ. ಕರ್ವ್‌ನ 55 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಬಿಡುಗಡೆಯಾದಾಗ ಹೇಳಿದ್ದು 585 ಕಿಲೋಮೀಟರ್. ನಿಜ ಓಡಾಟದಲ್ಲಿ 400-425 ಅಂತ ಟಾಟಾದವರೇ ಹೇಳಿದ್ದರು. ಮಂಗಳೂರಿಗೆ ಹೋಗುವಾಗ ಘಾಟಿ ಇಳಿಜಾರಿನಲ್ಲಿ ಬ್ಯಾಟರಿಗೆ ಸ್ವಲ್ಪ ವಾಪಸ್ ಸಿಗುತ್ತದೆ. ಬರುವಾಗ ಶಿರಾಡಿ ಹತ್ತಬೇಕು, ದಾರಿಯಲ್ಲಿ ಒಂದು ಚಾರ್ಜ್ ಇಟ್ಟುಕೊಂಡೇ ಹೊರಡಿ.

ನನ್ನ ಆಯ್ಕೆ ಕ್ರೆಟಾದ 51.4 ಕಿಲೋವ್ಯಾಟ್ ಅವರ್ ಬ್ಯಾಟರಿ. ನಾವು ಓಡಾಡುವುದು ಹೆಚ್ಚಾಗಿ ಊರೊಳಗೆ, ಅಷ್ಟು ಸಾಕು. ಆದರೆ ಎಚ್‌ಆರ್‌ನಿಂದ ಒಂದು ಉತ್ತರ ಬರಬೇಕಿದೆ. ನಡುವೆ ಕೆಲಸ ಬಿಟ್ಟರೆ, ಅಥವಾ ಕಂಪನಿಯೇ ಕಳಿಸಿದರೆ, ಲೀಸ್ ಮುರಿಯಲು ಎಷ್ಟು ಕಟ್ಟಬೇಕು? ಐಟಿಯಲ್ಲಿ ಇವತ್ತು ಯಾರ ಕೆಲಸವೂ ಗಟ್ಟಿ ಅಲ್ಲ. ಒಂದು, ಎರಡು, ಮೂರನೇ ವರ್ಷದ ಕೊನೆಗೆ ಎಷ್ಟೆಷ್ಟು ಅಂತ ಮೊತ್ತವನ್ನೇ ಕೇಳಿದ್ದೇನೆ. ಅದು ಕೈಗೆ ಬಂದ ಮೇಲೇ ಸಹಿ.