ಸಹಜೀವನಕ್ಕೆ ಬೇಕಾದ ಆಸರೆ

ನಾನು ನೆಲೆಸಿರುವ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ಮದುವೆಯಾಗದೆ ಒಟ್ಟಿಗೆ ಸಂಸಾರ ಹೂಡಿ ಮಕ್ಕಳನ್ನು ಬೆಳೆಸುವವರನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬಳ ಮದುವೆಯಾದಾಗ ಉಂಗುರ ಹಿಡಿದು ನಿಂತಿದ್ದವರು ಅವಳ ಇಬ್ಬರು ಮಕ್ಕಳೇ. ಫೋಟೊ ನೋಡಿದ ಹಾಸನದ ನನ್ನ ತಾಯಿ, "ಇಷ್ಟು ವರ್ಷ ಆ ಹುಡುಗಿಗೆ ಯಾರು ದಿಕ್ಕಾಗಿದ್ದರು?" ಎಂದು ಕೇಳಿದರು. ಸಹಜೀವನ ಸರಿಯೋ ತಪ್ಪೋ ಎಂಬ ನಮ್ಮ ಮುಗಿಯದ ವಾದಕ್ಕಿಂತ ಈ ಪ್ರಶ್ನೆ ಹೆಚ್ಚು ಮುಖ್ಯವೆಂದು ನಾನು ಭಾವಿಸುತ್ತೇನೆ.

ಇಲ್ಲಿನ 2003ರ ಸಹಜೀವನ ಕಾನೂನು ಕೊಡುವ ರಕ್ಷಣೆ ನಿಜಕ್ಕೂ ಚಿಕ್ಕದು. ಒಟ್ಟಿಗೆ ಬಾಳಲೆಂದೇ ಕೊಂಡ ಮನೆ ಮತ್ತು ಮನೆಸಾಮಾನು ಬೇರೆಯಾಗುವಾಗ ಇಬ್ಬರಿಗೂ ಸಮಪಾಲಾಗುತ್ತವೆ; ಬ್ಯಾಂಕಿನ ಹಣ, ಕಾರು, ಮೊದಲೇ ಇದ್ದ ಮನೆ ಅದರಲ್ಲಿ ಸೇರುವುದಿಲ್ಲ. ಉಯಿಲು ಬರೆಯದೆ ಒಬ್ಬರು ತೀರಿಕೊಂಡರೆ ಉಳಿದವರಿಗೆ ವಾರಸುದಾರಿಕೆಯೂ ಇಲ್ಲ. ಹೆಣ್ಣಿಗೆ ದಿಟವಾದ ದಿಕ್ಕಾಗಿರುವುದು ಅವಳ ಸ್ವಂತ ದುಡಿಮೆ. 1971ರಿಂದ ಗಂಡ ಹೆಂಡತಿಯರ ಗಳಿಕೆಗೆ ಪ್ರತ್ಯೇಕವಾಗಿ ತೆರಿಗೆ ವಿಧಿಸತೊಡಗಿದ್ದು, 1974ರಲ್ಲಿ ಹೆರಿಗೆ ರಜೆಯ ಬದಲು ತಂದೆಗೂ ಹಕ್ಕಿರುವ ಪೋಷಕರ ರಜೆ ತಂದದ್ದು ಆ ದುಡಿಮೆಯನ್ನು ಗಟ್ಟಿಗೊಳಿಸಿದವು. ಇಂದು ಪ್ರತಿ ಮಗುವಿಗೆ ಸಿಗುವ 480 ದಿನಗಳಲ್ಲಿ ತಲಾ 90 ದಿನಗಳನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ.

ನಮ್ಮಲ್ಲಿ ಹೇಗಿದೆ? ಬೆಂಗಳೂರಿನ ಮಹಿಳೆಯೊಬ್ಬರು ಕೆಲಸ ಬಿಟ್ಟು, ವಿವಾಹಿತನೊಬ್ಬನೊಂದಿಗೆ ಸುಮಾರು 18 ವರ್ಷ ಬಾಳಿದ್ದರು. ಆತ ಕೈಬಿಟ್ಟಾಗ ಅವರು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮೊರೆಹೋದರು. ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದರು, ಸೆಷನ್ಸ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, ಹೈಕೋರ್ಟ್ ತಳ್ಳಿಹಾಕಿತು. ಆತನಿಗೆ ಮದುವೆಯಾಗಿರುವುದು ಗೊತ್ತಿದ್ದೂ ಆಕೆ ಜೊತೆಯಾದ ಕಾರಣ ಇದು ಆ ಕಾಯ್ದೆಯ ರಕ್ಷಣೆ ಸಿಗುವ ವಿವಾಹಸದೃಶ, ಅಂದರೆ ಮದುವೆಯಂಥ, ಸಂಬಂಧವಲ್ಲವೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂಥವರಿಗಾಗಿ ಸಂಸತ್ತು ಕಾನೂನು ಯೋಚಿಸಬೇಕೆಂದೂ ಸೂಚಿಸಿತು. ಸ್ವೀಡನ್ನಿನ ಸಹಜೀವನ ಕಾನೂನು ಕೂಡ, ಇಬ್ಬರಲ್ಲಿ ಒಬ್ಬರಿಗೆ ಮದುವೆಯಾಗಿದ್ದರೆ ಅನ್ವಯಿಸುವುದಿಲ್ಲ. ಆದರೆ ಇಲ್ಲಿ ಆ ಗೆರೆ ಕಾನೂನಿನಲ್ಲೇ ಸ್ಪಷ್ಟವಾಗಿದೆ, ಒಟ್ಟಿಗೆ ಬಾಳಲೆಂದು ಹೆಣ್ಣು ಕೆಲಸ ಬಿಡುವುದೂ ಅಪರೂಪ. ಬೆಂಗಳೂರಿನ ಆ ಮಹಿಳೆ ಆ ಉತ್ತರ ತಿಳಿಯಲು ನಾಲ್ಕು ನ್ಯಾಯಾಲಯ ಹತ್ತಿಳಿಯಬೇಕಾಯಿತು.

ಉತ್ತರಾಖಂಡದ 2024ರ ಸಮಾನ ನಾಗರಿಕ ಸಂಹಿತೆ ತೊರೆಯಲ್ಪಟ್ಟ ಹೆಣ್ಣಿಗೆ ಜೀವನಾಂಶದ ಹಕ್ಕು ಕೊಟ್ಟಿದೆ, ಅದನ್ನು ಮೆಚ್ಚಲೇಬೇಕು. ಜೊತೆಗೇ ಅದು ಸಹಜೀವನದ ನೋಂದಣಿಯನ್ನು ಕಡ್ಡಾಯ ಮಾಡಿ, ಮಾಡಿಸದವರಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದೆಂದಿದೆ. ಮನೆಯವರ ಕಣ್ಣು ತಪ್ಪಿಸಿ, ಬೇರೆ ಜಾತಿಯವರೊಡನೆ ಬಾಳುತ್ತಿರುವ ಹುಡುಗಿ ಯಾವ ಧೈರ್ಯದಿಂದ ಆ ಕಚೇರಿಯ ಮೆಟ್ಟಿಲು ಹತ್ತಿಯಾಳು? ಸ್ವೀಡನ್ನಿನ ಕಾನೂನಿಗೆ ನೋಂದಣಿಯೇ ಬೇಕಿಲ್ಲ, ಒಂದೇ ಮನೆಯಲ್ಲಿ ಕೂಡಿ ಬಾಳಿದ್ದರೆ ಸಾಕು. ಕರ್ನಾಟಕದಲ್ಲಿ ಇಂಥ ಕಾನೂನಿನ ಮಾತು ಬರುವುದಾದರೆ, ಅದು ನೋಂದಣಿಯಿಂದಲ್ಲ, ಒಟ್ಟಿಗೆ ಕೊಂಡ ಮನೆಯ ಪಾಲು ಮತ್ತು ಖಾಸಗಿ ಕಂಪನಿಗಳ ತಂದೆಯರಿಗೂ ಕಡ್ಡಾಯ ರಜೆ ಎಂಬ ಎರಡು ಸಂಗತಿಗಳಿಂದ ಆರಂಭವಾಗಲಿ ಎಂದು ಒತ್ತಾಯಿಸುತ್ತೇನೆ.