ಕ್ರೂಸರ್ ಬೈಕ್ ಸಾಕೋ ಖರ್ಚು, ದುಡ್ಡು ನಿಜವಾಗ್ಲೂ ಎಲ್ಲಿ ಹೋಗುತ್ತೆ?

ಕ್ರೂಸರ್ ಗಾಡಿ, ಅಂದ್ರೆ ತಗ್ಗು ಸೀಟಲ್ಲಿ ಕಾಲು ಮುಂದೆ ಚಾಚಿ ಆರಾಮಾಗಿ ಕೂತು ಓಡ್ಸೋ ಭಾರದ ಬೈಕು, ಇಟ್ಕೊಂಡವರಿಗೆ ಜನ ಕೇಳೋದು ಎರಡೇ ಪ್ರಶ್ನೆ. ಮೈಲೇಜ್ ಎಷ್ಟು ಕೊಡುತ್ತೆ, ಮೇಂಟೆನೆನ್ಸ್ ತುಂಬಾ ಬರುತ್ತಂತಲ್ಲ. ಪೆಟ್ರೋಲ್ ಬಂಕಲ್ಲೂ ಇದೇ, ಮದುವೆ ಮನೆ ಪಂಕ್ತಿಲೂ ಇದೇ. ನಾವು ಬಾಯಿ ಬಿಡೋಕೆ ಮೊದ್ಲೇ ಅವರೇ ತೀರ್ಪು ಕೊಟ್ಬಿಡ್ತಾರೆ, "ಅದು ಆನೆ ಸಾಕಿದಂಗೆ ಮಾರಾಯ್ರೆ" ಅಂತ. ಸಕ್ರೆಬೈಲು ಬಿಡಾರದ ಆನೆಗಾದ್ರೆ ಸರ್ಕಾರ ಮೇವು ಹಾಕುತ್ತೆ, ನಮ್ಮ ಗಾಡಿಗೆ ನಾವೇ ಹಾಕ್ಬೇಕು ಅನ್ನೋದು ನಿಜ. ಆದ್ರೆ ಯಾವುದಕ್ಕೆ ಹಾಕ್ತಿದೀವಿ, ಎಷ್ಟು ಹಾಕ್ತಿದೀವಿ ಅನ್ನೋ ಲೆಕ್ಕದಲ್ಲಿ ನಮ್ಮ ಜನ ಇನ್ನೂ ಎರಕದ ಕಬ್ಬಿಣದ ಇಂಜಿನ್ನಿನ ಹಳೇ ಬುಲೆಟ್ ಕಾಲದಲ್ಲೇ ನಿಂತಿದಾರೆ ಅಂತ ನನ್ನ ಅನಿಸಿಕೆ.

ನಂದು 350 ಸಿಸಿ ಕ್ಲಾಸಿನ ಒಂದು ಕ್ರೂಸರ್. ಕಂಪನಿ ಹೆಸರು ಬರೆದ್ರೆ ಬ್ರ್ಯಾಂಡ್ ಜಗಳ ಶುರುವಾಗುತ್ತೆ, ಅದು ಬೇಡ. ಓಡೋದು ತೀರ್ಥಹಳ್ಳಿ ಸುತ್ತಮುತ್ತ, ಅಂದ್ರೆ ಮಳೆ, ಕೆಸರು, ಘಾಟಿ ಎಲ್ಲಾ ಸೇರಿ.

ಹಳೇ ಭಯಕ್ಕೆ ಕಾರಣ ಇಲ್ಲ ಅಂತಲ್ಲ. ನಮ್ಮ ಚಿಕ್ಕಪ್ಪನ ಹತ್ರ ಬಲಗಡೆ ಗೇರು ಎಡಗಡೆ ಬ್ರೇಕಿನ ಬುಲೆಟ್ ಇತ್ತು. ಭಾನುವಾರ ಬಂತು ಅಂದ್ರೆ ಅಂಗಳದಲ್ಲಿ ಗೋಣಿಚೀಲ ಹಾಸ್ಕೊಂಡು ಪಾಯಿಂಟ್ ಗ್ಯಾಪ್ ನೋಡೋದು, ಟ್ಯಾಪೆಟ್ ಸೆಟ್ ಮಾಡೋದು, ಪೆಟ್ರೋಲ್ ಗಾಳಿ ಬೆರೆಸೋ ಕಾರ್ಬೊರೇಟರ್ ಬಿಚ್ಚಿ ಜೆಟ್ ಊದೋದು. ಗಾಡಿ ನಿಂತ ಜಾಗದಲ್ಲಿ ಆಯಿಲ್ ಕಲೆ ಬೀಳ್ಲಿಲ್ಲ ಅಂದ್ರೆ ಒಳಗೆ ಆಯಿಲ್ಲೇ ಇಲ್ವೇನೋ ಅಂತ ಅನುಮಾನ ಬರ್ತಿತ್ತು. ಆಗ ಗಾಡಿ ಸಾಕೋದು ಅಂದ್ರೆ ಮೆಕ್ಯಾನಿಕ್ ಜೊತೆ ನೆಂಟಸ್ತನ ಬೆಳೆಸಿದಂಗೇ. ಆದ್ರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ಮಾಲಿನ್ಯದ ನಿಯಮ ಬಂದ್ಮೇಲೆ ಹೊಸ ಕ್ರೂಸರ್‌ಗಳಲ್ಲಿ ಕಾರ್ಬೊರೇಟರ್ ಕಥೆ ಮುಗೀತು, ಎಲ್ಲಾ ಫ್ಯುಯೆಲ್ ಇಂಜೆಕ್ಷನ್, ಅಂದ್ರೆ ಪೆಟ್ರೋಲ್ ಅಳೆದು ಬಿಡೋ ಕೆಲಸ ಎಲೆಕ್ಟ್ರಾನಿಕ್ಸ್‌ದು. ಅದೇ ವರ್ಷ ನವೆಂಬರ್‌ನಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ತರದ ಗಾಡಿಗಳಲ್ಲಿ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್ಗು, ಇಷ್ಟನ್ನ ಹೊತ್ತಿಗೆ ಸರಿಯಾಗಿ ಬದಲಾಯಿಸಿದ್ರೆ ಇಂಜಿನ್ ತನ್ನ ಪಾಡಿಗೆ ತಾನು ಓಡುತ್ತೆ. ಬುಲೆಟ್ ಕ್ರೂಸರ್ ಅಲ್ಲ ಅಂತ ವಾದ ಮಾಡೋರು ಇರ್ತೀರಿ, ಒಪ್ದೆ, ಆದ್ರೆ ಜನ ಎರಡನ್ನೂ ಒಂದೇ ಲಿಸ್ಟಲ್ಲಿ ಇಟ್ಟಿದಾರಲ್ಲ, ಅದಕ್ಕೆ ಹೇಳಿದ್ದು.

ಹಾಗಾದ್ರೆ ದುಡ್ಡು ಎಲ್ಲಿ ಹೋಗುತ್ತೆ? ಮೊದಲನೇ ದೊಡ್ಡ ಪಾಲು ಗಾಡಿ ಒಂದು ಕಿಲೋಮೀಟ್ರೂ ಓಡೋಕೆ ಮುಂಚೆನೇ ಹೋಗಿರುತ್ತೆ. ನಮ್ಮ ಕರ್ನಾಟಕದಲ್ಲಿ ಒಂದು ಲಕ್ಷಕ್ಕಿಂತ ಮೇಲಿನ ಬೈಕಿಗೆ ಲೈಫ್ ಟೈಮ್ ಟ್ಯಾಕ್ಸ್ ಶೇ. 18. ಎರಡು ಲಕ್ಷದ ಗಾಡಿಗೆ 36 ಸಾವಿರ, ಅದರ ಮೇಲೆ ಸೆಸ್ ಬೇರೆ. ವರ್ಷಕ್ಕೆ ಆರೇಳು ಸಾವಿರ ಸರ್ವೀಸಿಗೆ ಅಂತ ಇಟ್ಕೊಂಡ್ರೂ ಐದು ವರ್ಷದ ಸರ್ವೀಸ್ ದುಡ್ಡನ್ನ ಆರ್‌ಟಿಓದಲ್ಲಿ ಒಂದೇ ದಿನ ಕಟ್ಟಿ ಬಂದಿರ್ತೀವಿ. ಅದರ ಬಗ್ಗೆ ಯಾರೂ ಮಾತಾಡಲ್ಲ, ಎರಡೂವರೆ ಸಾವಿರದ ಸರ್ವೀಸ್ ಬಿಲ್ ನೋಡಿ ಮಾತ್ರ ಎದೆ ಹಿಡ್ಕೊಳ್ತಾರೆ.

ಎರಡನೇದು ಪೆಟ್ರೋಲ್. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡ್ಸೋರು, ಲೀಟರಿಗೆ 33 ಬರುತ್ತೆ ಅಂತಿಟ್ಕೊಳ್ಳಿ, ಮುನ್ನೂರು ಲೀಟರ್ ಬೇಕು. ನೂರು ರೂಪಾಯಿ ದಾಟಿರೋ ಪೆಟ್ರೋಲಿಗೆ ಮೂವತ್ತು ಸಾವಿರದ ಮೇಲಾಯ್ತು. ಇದರ ಮುಂದೆ ಆಯಿಲ್ ಫಿಲ್ಟರ್ ಖರ್ಚು ಯಾವ ಲೆಕ್ಕ.

ಈಗ 350 ಅನ್ನೋ ನಂಬರಿಗೆ ಬರೋಣ, ಯಾಕಂದ್ರೆ ನಮ್ಮ ದೇಶದಲ್ಲಿ ಇದು ಬರೀ ಇಂಜಿನ್ ಸೈಜಲ್ಲ, ಒಂದು ಗಡಿಕಲ್ಲು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಅದರ ಮೇಲಿನದಕ್ಕೆ ಸೆಸ್ ಎಲ್ಲಾ ಸೇರಿ 31 ಇದ್ದಿದ್ದು 40ಕ್ಕೆ ಹೋಯ್ತು. 349 ಸಿಸಿ ಗಾಡಿ ಅಗ್ಗ ಆಯ್ತು, ಸೂಪರ್ ಮೀಟಿಯರ್ 650 ಕಡೆ ಹೋಗೋರ ಜೇಬು ಇನ್ನಷ್ಟು ಹರೀತು. ಇನ್ಶೂರೆನ್ಸಲ್ಲೂ ಇದೇ ಗಡಿ. 2022ರಲ್ಲಿ ನಿಗದಿಯಾದ ದರದ ಪ್ರಕಾರ ಥರ್ಡ್ ಪಾರ್ಟಿ ಪ್ರೀಮಿಯಂ 75ರಿಂದ 150 ಸಿಸಿಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350ಕ್ಕೆ 1,366, ಅದರ ಮೇಲೆ ಹೋದ್ರೆ ಒಂದೇ ಸಲ 2,804. ಹೊಸ ಗಾಡಿಗೆ ಐದು ವರ್ಷದ್ದು ಒಟ್ಟಿಗೆ ಕಟ್ಬೇಕಲ್ಲ, ಅಲ್ಲಿ 7,365 ಎಲ್ಲಿ, 15,117 ಎಲ್ಲಿ. ಒಂದು ತಮಾಷೆ ನೋಡಿ, ಬಜಾಜ್ ಅವೆಂಜರ್ 160 ಇಟ್ಕೊಂಡವರೂ 349 ಸಿಸಿಯವರೂ ಕಟ್ಟೋದು ಒಂದೇ ದುಡ್ಡು. ಈ ಜಿಎಸ್‌ಟಿ ಇಳಿಕೆಯಲ್ಲಿ ಸ್ಪೇರ್ ಪಾರ್ಟ್ಸ್ ಕೂಡ 28ರಿಂದ 18ಕ್ಕೆ ಬಂದಿದೆ, ಶೋರೂಮ್ ಬಿಲ್ಲಲ್ಲಿ ಅದು ಸರಿಯಾಗಿ ಹಾಕಿದಾರಾ ಅಂತ ಒಂದ್ಸಲ ಕಣ್ಣಾಡಿಸಿ.

ಇನ್ಶೂರೆನ್ಸ್ ವಿಷಯ ಬಂತಲ್ಲ, ಇನ್ನೊಂದು ಮಾತು. ಕ್ರ್ಯಾಶ್ ಗಾರ್ಡ್ ಉಜ್ತು, ಇಂಡಿಕೇಟರ್ ಮುರೀತು ಅಂತ ಸಣ್ಣಪುಟ್ಟದಕ್ಕೆಲ್ಲಾ ಕ್ಲೇಮ್ ಮಾಡೋರಿದಾರೆ. ಕ್ಲೇಮ್ ಇಲ್ಲದೆ ಮೊದಲನೇ ವರ್ಷ ದಾಟಿದ್ರೆ ಸ್ವಂತ ಡ್ಯಾಮೇಜ್ ಪ್ರೀಮಿಯಂನಲ್ಲಿ 20 ಪರ್ಸೆಂಟ್ ಕಡಿತ, ಅದೇ ನೋ ಕ್ಲೇಮ್ ಬೋನಸ್, ಹಂಗೇ ಏರ್ತಾ ಐದು ವರ್ಷಕ್ಕೆ 50 ಪರ್ಸೆಂಟ್ ತನಕ ಹೋಗುತ್ತೆ, ಒಂದು ಕ್ಲೇಮ್ ಮಾಡಿದ್ರೆ ಮತ್ತೆ ಸೊನ್ನೆಯಿಂದ. ಅದೂ ಅಲ್ದೆ ಝೀರೋ ಡೆಪ್ (ಪಾರ್ಟ್ ಹಳೇದಾಯ್ತು ಅಂತ ದುಡ್ಡು ಕಡಿಯದ ಕವರ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕು, ರಬ್ಬರ್ ಐಟಮ್ಮಿಗೆಲ್ಲಾ ಅರ್ಧ ದುಡ್ಡು ನಾವೇ ಹಾಕ್ಬೇಕು. ಎಂಟುನೂರು ರೂಪಾಯಿ ಇಂಡಿಕೇಟರಿಗೆ ಬೋನಸ್ ಕಳ್ಕೊಳ್ಳೋದು ಯಾವ ಬುದ್ಧಿವಂತಿಕೆ ಹೇಳಿ.

ಇನ್ನು ಗಾಡಿ ಭಾರ. ಸ್ಪ್ಲೆಂಡರ್ ತೂಕ 112 ಕೆಜಿ, ಮೀಟಿಯರ್ 191, ಸೂಪರ್ ಮೀಟಿಯರ್ 241. ಈ ಎಕ್ಸ್‌ಟ್ರಾ ತೂಕಕ್ಕೆ ಬೆಲೆ ಕಟ್ಟೋದು ಇಂಜಿನ್ನಲ್ಲ, ಟೈರು, ಚೈನು, ಬ್ರೇಕು. ಮೀಟಿಯರ್ ಹಿಂದಿನ ಟೈರು 140/70-17, ಅವೆಂಜರ್‌ದು 130/90-15, ಇವು ನಮ್ಮೂರ ಟೈರ್ ಅಂಗಡಿಯಲ್ಲಿ ರೆಡಿ ಇರೋ ಸೈಜಲ್ಲ, ಶಿವಮೊಗ್ಗದಿಂದ ತರಿಸ್ಬೇಕು, ನಾಲ್ಕು ಸಾವಿರದ ಆಚೀಚೆ ಆಗುತ್ತೆ. ಸ್ಪ್ಲೆಂಡರ್ ಓಡ್ಸೋರಿಗೆ ಅದು ಎರಡೂ ಟೈರಿನ ದುಡ್ಡು. ಹಾಗಂತ ಗಾಳಿ ಚೆಕ್ ಮಾಡ್ಸೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ, ಕಮ್ಮಿ ಗಾಳಿಯಲ್ಲಿ ಇಬ್ಬರು ಕೂತು ಲಗೇಜ್ ಕಟ್ಕೊಂಡು ಓಡ್ಸಿ ಆಮೇಲೆ ಟೈರ್ ಕಂಪನಿಗೆ ಬೈಯೋದು.

ಚೈನ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ದುಡ್ಡು ಉಳ್ಸೋಕೆ ಇದಕ್ಕಿಂತ ಸುಲಭದ ಜಾಗ ಗಾಡಿಯಲ್ಲಿ ಇನ್ನೊಂದಿಲ್ಲ. ಐನೂರು ಕಿ.ಮೀ.ಗೆ ಒಂದ್ಸಲ ಕ್ಲೀನ್ ಮಾಡಿ ಲ್ಯೂಬ್ ಹಾಕ್ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕಿಲೋಮೀಟರ್ ಲೆಕ್ಕ ನಡೆಯಲ್ಲ, ಒಂದು ಜೋರು ಮಳೆಯಲ್ಲಿ ಹೋಗಿ ಬಂದ್ರೆ ಚೈನ್ ಮೇಲೆ ಮರುದಿನ ಬೆಳಿಗ್ಗೆ ಕೆಂಪಗೆ ತುಕ್ಕು ಕೂತಿರುತ್ತೆ. ಹಳೇ ಟೂತ್‌ಬ್ರಶ್ಶು, ಸ್ವಲ್ಪ ಸೀಮೆಎಣ್ಣೆ, ಒಂದು ಬಟ್ಟೆ, ಆಮೇಲೆ 90 ಗೇರ್ ಆಯಿಲ್ ಅಥವಾ ಸ್ಪ್ರೇ ಲ್ಯೂಬ್, ಇಷ್ಟೇ. ಸೀಮೆಎಣ್ಣೆ ಸಿಗಲ್ಲ ಅಂತ ಪೆಟ್ರೋಲಲ್ಲಿ ತೊಳೀಬೇಡಿ, ಚೈನ್ ಕೊಂಡಿಗಳ ಒಳಗೆ ಗ್ರೀಸ್ ಹಿಡಿದಿಡೋ ಓ-ರಿಂಗ್ ರಬ್ಬರ್ ಹಾಳಾಗುತ್ತೆ. ಮತ್ತೆ ದಯವಿಟ್ಟು, ಸೆಂಟರ್ ಸ್ಟ್ಯಾಂಡ್ ಹಾಕಿ ಇಂಜಿನ್ ಆನ್ ಮಾಡಿ ಗೇರಲ್ಲಿ ಬಿಟ್ಟು ಬಟ್ಟೆ ಹಿಡಿಯೋದು ಬೇಡ. ಬಟ್ಟೆ ಜೊತೆ ಬೆರಳು ಸ್ಪ್ರಾಕೆಟ್ಟಿಗೆ ಹೋಗೋಕೆ ಕಣ್ಣು ಮಿಟುಕಿಸೋ ಹೊತ್ತು ಸಾಕು, ಚಕ್ರನ ಕೈಯಲ್ಲಿ ತಿರುಗ್ಸಿ. ಇಷ್ಟು ನೋಡ್ಕೊಂಡ್ರೆ ಚೈನ್ ಸ್ಪ್ರಾಕೆಟ್ ಸೆಟ್ಟು ಇಪ್ಪತ್ತು ಸಾವಿರ ಕಿ.ಮೀ. ಆರಾಮಾಗಿ ದಾಟುತ್ತೆ, ನೋಡ್ಕೊಳ್ಳದವರು ಅದರ ಅರ್ಧಕ್ಕೇ ಮೂರು ಮೂರೂವರೆ ಸಾವಿರ ಕೊಟ್ಟು ಬದಲಾಯಿಸೋದನ್ನ ನಾನು ನೋಡಿದೀನಿ. ಚೈನ್ ಒಂದೇ ಹೊಸದು ಹಾಕಿ ಹಳೇ ಸ್ಪ್ರಾಕೆಟ್ಟೇ ಇಟ್ಕೊಳ್ಳೋದೂ ಲಾಭ ಅಲ್ಲ, ಸವೆದ ಹಲ್ಲು ಹೊಸ ಚೈನನ್ನೂ ಬೇಗ ಎಳೆದು ಹಾಕುತ್ತೆ.

ಬ್ರೇಕಿಗೆ ಆಗುಂಬೆ ಘಾಟಿ ಒಳ್ಳೇ ಮೇಷ್ಟ್ರು. ಹದಿನಾಲ್ಕು ತಿರುವು, ಇಳಿಯೋವಾಗ ಟಾಪ್ ಗೇರಲ್ಲಿ ಬಿಟ್ಟು ಪೂರ್ತಿ ಬ್ರೇಕ್ ಮೇಲೇ ಇಳ್ಸಿದ್ರೆ ಸೋಮೇಶ್ವರ ಮುಟ್ಟೋ ಹೊತ್ತಿಗೆ ಪ್ಯಾಡ್ ಸುಟ್ಟ ವಾಸನೆ. ಸೆಕೆಂಡ್ ಗೇರಲ್ಲಿ ಇಂಜಿನ್ನೇ ಗಾಡಿ ಹಿಡ್ಕೊಳ್ಳುತ್ತೆ. ಪ್ಯಾಡ್ ಸವೆದಿದ್ದು ನೋಡದೆ ಹಂಗೇ ಓಡ್ಸಿ ಕಬ್ಬಿಣ ಡಿಸ್ಕಿಗೆ ಉಜ್ಜಿತು ಅಂದ್ರೆ ನೂರರಲ್ಲಿ ಮುಗೀಬೇಕಾದ ಖರ್ಚು ಸಾವಿರಕ್ಕೆ ಹೋಗುತ್ತೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮಲೆನಾಡಿನ ಇನ್ನೊಂದು ಖರ್ಚು ಯಾವ ಕಂಪನಿ ಪುಸ್ತಕದಲ್ಲೂ ಬರೆದಿರಲ್ಲ, ಇಲಿ. ಅಡಿಕೆ ಮನೆ ಪಕ್ಕ, ಕೊಟ್ಟಿಗೆ ಮೂಲೇಲಿ ಮಳೆಗಾಲ ಪೂರ್ತಿ ಗಾಡಿ ನಿಲ್ಸಿದ್ರೆ ಸೀಟ್ ಕೆಳಗೆ ಬಾಣಂತನ ಮುಗ್ಸಿ ವೈರೂ ಕಡಿದು ಹೋಗಿರ್ತಾವೆ. ಹಳೇ ಗಾಡಿಯಲ್ಲಿ ವೈರ್ ಕಡಿದ್ರೆ ಇನ್ಸುಲೇಶನ್ ಟೇಪ್ ಸುತ್ತಿ ಓಡಿಸ್ಬಹುದಿತ್ತು, ಈಗ ಸೆನ್ಸರ್ ವೈರು ಹೋದ್ರೆ ಮೀಟರಲ್ಲಿ ಹಳದಿ ಲೈಟ್ ಹತ್ಕೊಂಡು ಕೂರುತ್ತೆ. ನಾನು ಹೊಗೆಸೊಪ್ಪು ಬಟ್ಟೇಲಿ ಕಟ್ಟಿ ಸೀಟ್ ಅಡಿ ಇಡ್ತೀನಿ, ಕೆಲವರು ನುಸಿಗುಳಿಗೆ ಹಾಕ್ತಾರೆ. ಬ್ಯಾಟರಿದೂ ಅಷ್ಟೇ, ಹೊಸ ಕ್ರೂಸರ್‌ಗಳಲ್ಲಿ ಕಿಕ್ಕರ್ ಇಲ್ಲ, ವಾರಗಟ್ಲೆ ನಿಲ್ಸಿ ಬ್ಯಾಟರಿ ಪೂರ್ತಿ ಮಲಗಿದ್ರೆ ತಳ್ಳಿ ಸ್ಟಾರ್ಟ್ ಮಾಡ್ತೀನಿ ಅಂದ್ರೂ ಇಂಜಿನ್ನಿಗೆ ಪೆಟ್ರೋಲ್ ದೂಡೋ ಪಂಪಿಗೆ ಕರೆಂಟ್ ಬೇಕಲ್ಲ.

ಸರ್ವೀಸ್ ಸೆಂಟರ್ ವಿಷಯ ಬಿಟ್ರೆ ಈ ಬರಹ ಅರ್ಧ. ಫ್ರೀ ಸರ್ವೀಸ್ ಅಂದ್ರೆ ಲೇಬರ್ ಮಾತ್ರ ಫ್ರೀ, ಆಯಿಲ್ ಫಿಲ್ಟರ್ ದುಡ್ಡು ನಮ್ಮದೇ, ಅದರಲ್ಲಿ ಮೋಸ ಏನಿಲ್ಲ. ನನ್ನ ತಕರಾರು ಇರೋದು ಜಾಬ್ ಕಾರ್ಡಿಗೆ, ಅಂದ್ರೆ ಮಾಡೋ ಕೆಲಸದ ಪಟ್ಟಿಗೆ, ಮೆಲ್ಲಗೆ ಸೇರ್ಕೊಳ್ಳೋ ಐಟಮ್ಮುಗಳ ಬಗ್ಗೆ. ಇಂಜಿನ್ ಫ್ಲಶ್, ಡೀಕಾರ್ಬನೈಸಿಂಗ್ (ಇಂಜಿನ್ ಒಳಗಿನ ಮಸಿ ತೆಗೆಯೋದು), ಟೆಫ್ಲಾನ್ ಕೋಟಿಂಗ್, ಆಂಟಿ ರಸ್ಟ್, ಫ್ಯುಯೆಲ್ ಅಡಿಟಿವ್, ಕೊನೆಗೆ ಕನ್ಸ್ಯೂಮಬಲ್ಸ್ ಅಂತ ಒಂದು, ಅದು ಏನು ಅಂತ ಕೇಳಿದ್ರೆ "ಬಟ್ಟೆ, ಗ್ರೀಸು ಸಾರ್" ಅಂತಾರೆ. ಒಂದ್ಸಲ ಒಂದು ಸರ್ವೀಸ್ ಸೆಂಟರಲ್ಲಿ ನನ್ನ ಬಿಲ್ಲಿನ ಮೂರನೇ ಒಂದು ಭಾಗ ಇವೇ ಇದ್ವು. ಹತ್ತು ಸಾವಿರ ಕಿ.ಮೀ. ಕೂಡ ಆಗದ ಇಂಜಿನ್ನಿಗೆ ಡೀಕಾರ್ಬನೈಸಿಂಗ್ ಯಾಕೆ ಅಂತ ಕೇಳಿದೆ, ಅಡ್ವೈಸರ್ ಹುಡುಗ ಪಾಪ "ಟಾರ್ಗೆಟ್ ಇರುತ್ತೆ ಸಾರ್" ಅಂತ ನಿಜಾನೇ ಹೇಳ್ಬಿಟ್ಟ. ಅವನ ಮೇಲೆ ಸಿಟ್ಟು ಬರ್ಲಿಲ್ಲ, ಐಟಮ್ ಮಾತ್ರ ತೆಗೆಸ್ದೆ. ಈಗ ಜಾಬ್ ಕಾರ್ಡಿನಲ್ಲಿ "ಕೇಳದೆ ಎಕ್ಸ್‌ಟ್ರಾ ಏನೂ ಹಾಕಬಾರದು" ಅಂತ ಕನ್ನಡದಲ್ಲೇ ಬರೆಸಿ ಸೈನ್ ಹಾಕೋದು, ಬದಲಾಯಿಸಿದ ಹಳೇ ಪಾರ್ಟ್ ಕವರಲ್ಲಿ ಹಾಕ್ಕೊಡಿ ಅನ್ನೋದು. ಹಳೇದು ಕೇಳ್ತಾರೆ ಅಂತ ಗೊತ್ತಾದ್ರೆ ಬದಲಾಯಿಸದೇ ಬಿಲ್ ಹಾಕೋಕೆ ಯಾರಿಗಾದ್ರೂ ಕೈ ಬರಲ್ಲ.

ಹಾಗಾದ್ರೆ ಊರ ಮೆಕ್ಯಾನಿಕ್ಕೇ ಸಾಕಲ್ವಾ ಅಂತೀರಿ. ನಮ್ಮ ಮೆಕ್ಯಾನಿಕ್ ಅಪ್ಪಟ ಕೆಲಸಗಾರ. ಗಾಡಿ ಬರೋ ಸೌಂಡ್ ಕೇಳಿಯೇ "ಗೌಡ್ರೆ, ಹ್ಯಾಂಡಲ್ಲಿನ ಕೋನ್ ಸೆಟ್ ಹೋಗ್ಲಿಕ್ಕೆ ಬಂದದೆ, ಇಂಜಿನ್ ಎಂತದೂ ಆಗ್ಲಿಲ್ಲ" ಅಂತ ಹೇಳೋ ಮನುಷ್ಯ. ಚೈನ್, ಪ್ಯಾಡ್, ಕ್ಲಚ್ ಕೇಬಲ್, ಫೋರ್ಕ್ ಆಯಿಲ್ ಸೀಲ್ ಎಲ್ಲಾ ಅವರ ಹತ್ರಾನೇ ಮಾಡ್ಸೋದು, ಶೋರೂಮಿನ ಅರ್ಧ ಲೇಬರಿಗೆ ಕೆಲಸ ಮುಗಿಯುತ್ತೆ, ಅದೂ ಎದುರಿಗೇ ನಿಂತು ನೋಡ್ಬಹುದು. ಆದ್ರೆ ಅವರ ಹತ್ರ ಗಾಡಿಯ ಎಲೆಕ್ಟ್ರಾನಿಕ್ ದೋಷ ಓದೋ ಸ್ಕ್ಯಾನರ್ ಇಲ್ಲ. ಇಂಜೆಕ್ಷನ್ನು, ಎಬಿಎಸ್ಸು (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ತಡೆಯೋದು) ಅಂದ ಕೂಡ್ಲೇ "ಅದೊಂದು ಶಿವಮೊಗ್ಗದಲ್ಲೇ ತೋರ್ಸಿ" ಅಂತಾರೆ. ವಾರಂಟಿ ಮುಗಿಯೋ ತನಕ ಶೋರೂಮ್, ಆಮೇಲೆ ಕಬ್ಬಿಣದ ಕೆಲಸ ಊರಲ್ಲಿ, ಕರೆಂಟಿನ ಕೆಲಸ ಪೇಟೆಯಲ್ಲಿ, ಇದು ನನ್ನ ಲೆಕ್ಕ.

ಜೇಬಿಗೆ ಇನ್ನೊಂದು ತೂತು ನಾವೇ ಕೊರ್ಕೊಳ್ಳೋದು. ಗಾಡಿ ತಗೊಂಡ ವಾರಕ್ಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಸ್ಯಾಡಲ್ ಬ್ಯಾಗ್, ಫಾಗ್ ಲೈಟ್, ಟೂರಿಂಗ್ ಮಿರರ್, ಅದೇನೋ ಜೋರು ಸದ್ದಿನ ಪಂಜಾಬ್ ಸೈಲೆನ್ಸರ್, ಇಂಡೋರಿ ಸೈಲೆನ್ಸರ್. ಕಂಪನಿ ವೈರ್ ಕಟ್ ಮಾಡಿ ಫಾಗ್ ಲೈಟ್ ಹಾಕಿದ್ರೆ ಎಲೆಕ್ಟ್ರಿಕಲ್ ವಾರಂಟಿಗೆ ನಮಸ್ಕಾರ ಹೊಡೆದಂಗೆ. ಸೈಲೆನ್ಸರ್ ದುಡ್ಡಿನ ಜೊತೆ ಪೊಲೀಸ್ ಫೈನೂ ಸೇರ್ಸಿ ಲೆಕ್ಕ ಹಾಕಿ, ಹಿಡಿದ ಸೈಲೆನ್ಸರ್ ಮೇಲೆ ರೋಡ್ ರೋಲರ್ ಹತ್ಸಿರೋ ಫೋಟೋ ನೀವೂ ಪೇಪರಲ್ಲಿ ನೋಡಿರ್ತೀರಿ. ಇದೆಲ್ಲಾ ಮಾಡ್ಸಿದೋರೇ ಆಮೇಲೆ "ಕ್ರೂಸರ್ ಮೇಂಟೆನೆನ್ಸ್ ಜಾಸ್ತಿ ಗುರು" ಅನ್ನೋದು. ಒಳ್ಳೇ ಹೆಲ್ಮೆಟ್ಟು, ಜಾಕೆಟ್ಟು, ಮಳೆಗೆ ಕೋಟು, ಇವಕ್ಕೆ ಹಾಕಿದ ದುಡ್ಡನ್ನ ನಾನು ಖರ್ಚಿನ ಲೆಕ್ಕಕ್ಕೇ ಹಿಡಿಯಲ್ಲ.

ದೊಡ್ಡ ಗಾಡಿ ಕನಸು ಇರೋರಿಗೆ ಒಂದೇ ಮಾತು, ರೇಟ್ ಕೇಳೋಕೆ ಮೊದ್ಲು ಸರ್ವೀಸ್ ಸೆಂಟರ್ ಎಷ್ಟು ದೂರ ಅಂತ ಕೇಳಿ. 2020ರ ಸೆಪ್ಟೆಂಬರಲ್ಲಿ ಹಾರ್ಲೆ ಡೇವಿಡ್‌ಸನ್ ಇಲ್ಲಿನ ಫ್ಯಾಕ್ಟರಿ ಮುಚ್ತೀನಿ ಅಂದಾಗ ಅವರ ಸ್ಟ್ರೀಟ್ 750 ಬೈಕ್ ಇಟ್ಕೊಂಡಿದ್ದವರ ಮುಖ ನೆನಪಿದೆ, ಮುಂದಿನ ತಿಂಗಳು ಹೀರೋ ಜೊತೆ ಒಪ್ಪಂದ ಆಗಿ ಪಾರ್ಟ್ಸು ಸರ್ವೀಸು ಅವರು ನೋಡ್ಕೊಳ್ತಾರೆ ಅಂದ್ಮೇಲೇ ಉಸಿರು ಬಂದಿದ್ದು. ಬೆಂಗಳೂರಲ್ಲಿರೋರಿಗೆ ಇದು ತಲೆನೋವಲ್ಲ. ನಮ್ಮಂಥೋರು ಒಂದು ಸರ್ವೀಸಿಗೆ ಮುನ್ನೂರು ಕಿಲೋಮೀಟರ್ ಹೋಗಿ ರೂಮ್ ಮಾಡಿ ಕಾಯ್ಬೇಕು ಅಂದ್ರೆ ಆ ಪೆಟ್ರೋಲು, ಊಟ, ರಜೆ ಎಲ್ಲಾ ಮೇಂಟೆನೆನ್ಸೇ.

ಅಂದ ಹಾಗೆ ಶಿವಮೊಗ್ಗದಲ್ಲಿ ಸ್ಕ್ಯಾನರ್ ಇಟ್ಕೊಂಡಿರೋ ಪ್ರೈವೇಟ್ ಗ್ಯಾರೇಜ್ ಯಾರಿಗಾದ್ರೂ ಗೊತ್ತಿದ್ರೆ ತಿಳ್ಸಿ, ವಾರಂಟಿ ಮುಗಿಯೋಕೆ ಬಂತು.